ಗುರಾಣಿಗೂ ಕುದುರೆಗೂ ಒಂದೇ ಬಾಟಲಿಯ ಕೆಂಪು

ಹನ್ನೆರಡು ಮಂದಿ ಕುದುರೆ ಸವಾರ ನೈಟ್‌ಗಳ, ಅಂದರೆ ಮಧ್ಯಯುಗದ ಯುರೋಪಿನ ಯೋಧರ, ಮಿನಿಯೇಚರ್ ಗೊಂಬೆಗಳ ಪಡೆಯೊಂದಕ್ಕೆ ಲಾಂಛನಗಳನ್ನು ಹಾಕಲು ಕಳೆದ ಒಂದು ವರ್ಷದಲ್ಲಿ ನಾನು ಮೂರು ದಾರಿಗಳನ್ನು ಹಿಡಿದು ನೋಡಿದೆ: ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಅಚ್ಚಿನ ಚಿತ್ರವಾದ ಡೆಕಾಲ್, ತೆಳು ಮೊನೆಯ ಪಿಗ್ಮೆಂಟ್ ಪೆನ್ನು, ಮತ್ತು ಅಕ್ರಿಲಿಕ್ ಬಣ್ಣದ ಕುಂಚ. ಇವುಗಳಲ್ಲಿ ಕುಂಚವೇ ನನ್ನ ಆಯ್ಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೊರದೇಶದಿಂದ ತರಿಸಿದ ಎರಡು ಹಾಳೆ ಡೆಕಾಲ್‌ಗಳಿಗೆ ಕೊಟ್ಟ ಹಣದಲ್ಲಿ ಆರೇಳು ಬಾಟಲಿ ಒಳ್ಳೆಯ ಬಣ್ಣ ಬರುತ್ತಿತ್ತು. ಹಾಗೆ ಅಂಟಿಸಿದವುಗಳಲ್ಲಿ ಬಹುಪಾಲನ್ನು ಕೊನೆಗೆ ನಾನೇ ಕೆರೆದು ತೆಗೆಯಬೇಕಾಯಿತು.

ನನ್ನ ಪಡೆ 1300ರ ಜುಲೈ ತಿಂಗಳಿನದು. ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್ ಸ್ಕಾಟ್ಲೆಂಡಿನ ನೈಋತ್ಯ ಮೂಲೆಯಲ್ಲಿರುವ ಕಾರ್ಲಾವರಾಕ್ ಎಂಬ ತ್ರಿಕೋನಾಕಾರದ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಜೊತೆಗಿದ್ದ ನೈಟ್‌ಗಳ ಪತಾಕೆ ಗುರಾಣಿಗಳನ್ನು ಒಂದೊಂದಾಗಿ ವರ್ಣಿಸುವ ಪದ್ಯವೊಂದು ಹಳೆಯ ಫ್ರೆಂಚ್ ಭಾಷೆಯಲ್ಲಿ ಉಳಿದುಬಂದಿದೆ. ಅದರಲ್ಲಿ ನೂರಕ್ಕೂ ಹೆಚ್ಚು ಲಾಂಛನಗಳಿವೆ. ಬಣ್ಣ ಹಚ್ಚುವವರ ಪಾಲಿಗೆ ಇದು ನಿಧಿಯೇ ಸರಿ, ಏಕೆಂದರೆ ಯಾರ ಗುರಾಣಿಯ ಮೇಲೆ ಏನಿತ್ತು ಎಂದು ಊಹಿಸುವ ಕಷ್ಟವೇ ಇಲ್ಲ. ಆದರೆ ಪದ್ಯವು ಬಣ್ಣದ ಹೆಸರನ್ನಷ್ಟೇ ಕೊಡುತ್ತದೆ, ಕೆಂಪೆಂದರೆ ಯಾವ ಕೆಂಪು ಎಂದು ವಿವರಿಸುವುದಿಲ್ಲ. ಲಾಂಛನಗಳ ಶಾಸ್ತ್ರವೂ ಹಾಗೆಯೇ. ಕುಂಕುಮದ ಕೆಂಪಾಗಲಿ, ಇಟ್ಟಿಗೆಯ ಕೆಂಪಾಗಲಿ, ಶಾಸ್ತ್ರಕ್ಕೆ ಎರಡೂ ಒಂದೇ.

ಈ ಸ್ವಾತಂತ್ರ್ಯದ ಜೊತೆಗೇ ಒಂದು ಕಟ್ಟುಪಾಡೂ ಇದೆ. ಆ ಕಾಲದ ನೈಟ್‌ನ ಲಾಂಛನವು ಅವನ ಗುರಾಣಿಗೆ ಅಂಟಿಸಿದ ಚೀಟಿಯಾಗಿರಲಿಲ್ಲ. ಅದು ಕವಚದ ಮೇಲಿನ ಅಂಗಿಯ ಮೇಲೆ, ಹೆಗಲಿಗೆ ಕಟ್ಟಿದ ಫಲಕಗಳ ಮೇಲೆ, ಈಟಿಯ ಕಿರುಪತಾಕೆಯ ಮೇಲೆ, ಕುದುರೆಯ ಕಿವಿಯಿಂದ ಗೊರಸಿನವರೆಗೆ ಇಳಿಬಿದ್ದ ಹೊದಿಕೆಯ ಮೇಲೆ ಮತ್ತೆ ಮತ್ತೆ ಬರುತ್ತಿತ್ತು. ಬ್ರಿಟಿಷ್ ಲೈಬ್ರರಿಯಲ್ಲಿರುವ 14ನೇ ಶತಮಾನದ ಲಟ್ರೆಲ್ ಸಾಲ್ಟರ್ ಎಂಬ ಹಸ್ತಪ್ರತಿಯಲ್ಲಿ ಸರ್ ಜೆಫ್ರಿ ಲಟ್ರೆಲ್ ಕುದುರೆಯ ಮೇಲೆ ಕುಳಿತಿರುವ ಚಿತ್ರವನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನೀಲಿಯ ಮೇಲೆ ಬಿಳಿ ಓರೆಪಟ್ಟಿ ಮತ್ತು ಆರು ಬಿಳಿ ಹಕ್ಕಿಗಳ ಆ ಲಾಂಛನ ಸವಾರನಿಂದ ಕುದುರೆಯವರೆಗೆ ಹರಡಿಕೊಂಡಿದೆ. ಎದುರಿಗೆ ನಿಂತ ಮನೆಯ ಹೆಂಗಸರ ಉಡುಪಿನ ಮೇಲೂ ಇದೆ. ಆದ್ದರಿಂದ ಯಾವ ವಿಧಾನವನ್ನು ಹಿಡಿದರೂ ನಾನು ಕೇಳುವ ಪ್ರಶ್ನೆ ಒಂದೇ: ಗುರಾಣಿ, ಅಂಗಿ, ಹೊದಿಕೆ ಮೂರೂ ಒಬ್ಬನೇ ಮನುಷ್ಯನವು ಎಂದು ಒಂದು ಮೊಳ ದೂರದಿಂದ ನೋಡಿದಾಗ ಅನ್ನಿಸುತ್ತದೆಯೇ?

ಡೆಕಾಲ್ ಸೋತದ್ದು ಇಲ್ಲಿಯೇ. ಕೊಂಡಾಗ ನನಗಿದ್ದ ಭಯ ಬೇರೆಯದಾಗಿತ್ತು. ಒರಟು ಮೇಲ್ಮೈಯ ಮೇಲೆ ಕೂರಿಸಿದ ಡೆಕಾಲ್‌ನ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ ಎಂದು ಕೇಳಿದ್ದೆ. ಮೊದಲು ಹೊಳಪಿನ ವಾರ್ನಿಶ್ ಹಚ್ಚಿ, ಅದು ಒಣಗಿದ ಮೇಲೆ ಡೆಕಾಲ್ ಕೂರಿಸಿ, ಅದನ್ನು ಮೃದುಗೊಳಿಸುವ ದ್ರಾವಣವನ್ನು ಎರಡು ಸಲ ಸವರಿದರೆ ಆ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ನನ್ನ ಗುರಾಣಿಗಳು ಒಂದೇ ದಿಕ್ಕಿಗೆ ಬಾಗಿದವು, ಆದ್ದರಿಂದ ಅಲ್ಲಿ ಸುಕ್ಕು ಕೂಡ ಬೀಳಲಿಲ್ಲ. ಮೊದಲ ರಾತ್ರಿ ನಾಲ್ಕು ಗುರಾಣಿಗಳನ್ನು ಮುಗಿಸಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮರುದಿನ ಪದ್ಯದ ನೈಟ್‌ಗಳಲ್ಲೊಬ್ಬನಾದ ರಾಬರ್ಟ್ ಫಿಟ್ಜ್‌ವಾಲ್ಟರ್‌ನ ಅಂಗಿಗೂ ಕುದುರೆಯ ಹೊದಿಕೆಗೂ ಬಣ್ಣ ಹಚ್ಚಲು ಕುಳಿತೆ. ಅವನ ಲಾಂಛನ ಹಳದಿಯ ಮೇಲೆ ಕೆಂಪು ನಡುಪಟ್ಟಿ, ಅದರ ಮೇಲೂ ಕೆಳಗೂ ಒಂದೊಂದು ಕೆಂಪು ಮೂಲೆಪಟ್ಟಿ. ಗುರಾಣಿಯ ಕೆಂಪು ಅಚ್ಚಿನ ಶಾಯಿಯದು, ಹೊದಿಕೆಗೆ ನನ್ನಲ್ಲಿದ್ದ ಕೆಂಪು ಅಕ್ರಿಲಿಕ್. ಎರಡೂ ಹೊಂದಲಿಲ್ಲ. ನನ್ನ ಕೆಂಪಿಗೆ ಚೂರು ಕಿತ್ತಳೆ ಸೇರಿಸಿದೆ, ಆಮೇಲೆ ಚೂರು ಕೆನ್ನೇರಳೆ ಸೇರಿಸಿದೆ, ಮೂರು ಸಂಜೆಗಳನ್ನು ಇದರಲ್ಲೇ ಕಳೆದೆ. ಕೊನೆಗೆ ಮೇಜಿನ ದೀಪದ ಕೆಳಗೆ ಗುರಾಣಿಯನ್ನೂ ಹೊದಿಕೆಯನ್ನೂ ಪಕ್ಕಪಕ್ಕದಲ್ಲಿ ಹಿಡಿದಾಗ ಯಾವುದು ಶಾಯಿ, ಯಾವುದು ಬಣ್ಣ ಎಂದು ನನಗೇ ತಿಳಿಯದಷ್ಟು ಹೊಂದಿಕೆಯಾಯಿತು. ಅದೇ ಮಿಶ್ರಣದಲ್ಲಿ ಕುದುರೆಯನ್ನು ಮುಗಿಸಿ ಮಲಗಿದೆ.

ಬೆಳಿಗ್ಗೆ ಕಿಟಕಿಯ ಬಳಿ ತಂದು ನೋಡಿದರೆ ಗುರಾಣಿ ಗುಲಾಬಿಯ ಕಡೆಗೆ ವಾಲಿತ್ತು, ಕುದುರೆ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಕೈತಪ್ಪಿನಿಂದ ಆದದ್ದಲ್ಲ ಇದು. ಬೇರೆ ಬೇರೆ ವರ್ಣದ್ರವ್ಯಗಳಿಂದ ತಯಾರಾದ ಎರಡು ಕೆಂಪುಗಳು ಒಂದು ಬೆಳಕಿನಲ್ಲಿ ಕಣ್ಣಿಗೆ ಒಂದೇ ಆಗಿ ಕಂಡರೂ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುತ್ತವೆ, ಏಕೆಂದರೆ ಬೆಳಕಿನ ಬೇರೆ ಬೇರೆ ತರಂಗಗಳನ್ನು ಅವು ಒಂದೇ ಪ್ರಮಾಣದಲ್ಲಿ ಹಿಂದಿರುಗಿಸುವುದಿಲ್ಲ. ಸೀರೆಗೆ ರವಿಕೆಯ ಬಟ್ಟೆ ಹುಡುಕುವಾಗ ಅಂಗಡಿಯ ಬಾಗಿಲಿಗೆ ಬಂದು ಬಿಸಿಲಿನಲ್ಲಿ ಹಿಡಿದು ನೋಡುವವರೆಲ್ಲರೂ ಅನುಭವದಿಂದ ಬಲ್ಲ ಸಂಗತಿಯಿದು. ನಾನು ಬಣ್ಣ ಹಚ್ಚುವುದು ರಾತ್ರಿ ದೀಪದ ಕೆಳಗೆ, ನೈಟ್‌ಗಳು ನಿಲ್ಲುವುದು ಹಗಲು ಬೆಳಕು ಬೀಳುವ ಕಪಾಟಿನಲ್ಲಿ. ಹಾಗಾಗಿ ಎಷ್ಟು ಬೆರೆಸಿದರೂ ಈ ಕೆಂಪುಗಳು ನನ್ನ ಮನೆಯಲ್ಲಿ ಒಂದಾಗುವಂತಿರಲಿಲ್ಲ.

ಮಡಿಕೆಗಳ ವಿಷಯವೂ ಇದಕ್ಕೇ ಸೇರುತ್ತದೆ. ಹೊದಿಕೆಯ ಮಡಿಕೆಯೊಳಗೆ ಕಡುಗೆಂಪು, ಏಣಿನ ಮೇಲೆ ಕಿತ್ತಳೆ ಬೆರೆತ ತಿಳಿಗೆಂಪು ಹೀಗೆ ನೆರಳು ಬೆಳಕುಗಳನ್ನು ತೋರಿಸಿದ ಮೇಲೆ ಪಕ್ಕದಲ್ಲಿರುವ ಗುರಾಣಿಯ ಚಪ್ಪಟೆ ಕೆಂಪು ಕ್ಯಾಲೆಂಡರಿನಿಂದ ಕತ್ತರಿಸಿ ಹಚ್ಚಿದ ಹಾಗೆ ಕಂಡಿತು. ಡೆಕಾಲ್‌ನ ಮೇಲೆಯೇ ತೆಳುಬಣ್ಣದಿಂದ ನೆರಳು ಕೊಡಲು ಹೋದೆ. ಪೂರ್ತಿ ಕೆಂಪನ್ನು ನನ್ನ ಬಣ್ಣದಿಂದ ಮುಚ್ಚುವವರೆಗೆ ಎರಡೂ ಒಂದಾಗಲಿಲ್ಲ, ಮುಚ್ಚಿದ ಮೇಲೆ ಡೆಕಾಲ್ ಕೆಳಗೆ ಇದ್ದೂ ಇಲ್ಲದಂತಾಯಿತು. ಆ ರಾತ್ರಿಯೇ ನಾನು ಉಳಿದ ಗುರಾಣಿಗಳನ್ನೂ ಕೆರೆಯಲು ತೀರ್ಮಾನಿಸಿದೆ.

ಸಿಂಹಗಳ ಮುಖದ ತೊಡಕನ್ನೂ ಹೇಳಬೇಕು. ಗುರಾಣಿಯ ಮೇಲಿನ ಪ್ರಾಣಿ ಅದನ್ನು ಹಿಡಿದವನ ಬಲಕ್ಕೆ, ಅಂದರೆ ನೋಡುವವರ ಎಡಕ್ಕೆ, ಮುಖ ಮಾಡಿರುತ್ತದೆ. ಕುದುರೆಯ ಹೊದಿಕೆಯ ಮೇಲಾದರೆ ಅದು ಎರಡೂ ಪಕ್ಕಗಳಲ್ಲಿ ಕುದುರೆಯ ತಲೆಯ ಕಡೆಗೇ ನೋಡುವುದು ವಾಡಿಕೆ. ನನ್ನ ಹಾಳೆಗಳಲ್ಲಿದ್ದ ಸಿಂಹಗಳೆಲ್ಲವೂ ಎಡಕ್ಕೆ ತಿರುಗಿದ್ದವು. ಕುದುರೆಯ ಬಲಪಕ್ಕಕ್ಕೆ ಅವನ್ನು ಹಚ್ಚಿದರೆ ಸಿಂಹಗಳು ಬಾಲದ ಕಡೆಗೆ ಮುಖ ಮಾಡಿ ಯುದ್ಧದಿಂದ ಓಡಿಹೋಗುತ್ತಿರುವಂತೆ ತೋರುತ್ತವೆ. ಕೊಳ್ಳುವವರು ಹಾಳೆಯಲ್ಲಿ ಎರಡೂ ದಿಕ್ಕಿನ ಪ್ರಾಣಿಗಳಿವೆಯೇ ಎಂದು ಮೊದಲೇ ನೋಡಿಕೊಳ್ಳಲಿ.

ಹಳದಿ ಡೆಕಾಲ್‌ನ ಕೆಳಗೆ ಬಿಳಿ ಬಣ್ಣ ಇರಲೇಬೇಕು, ಇಲ್ಲದಿದ್ದರೆ ಕೆಳಗಿನ ಬಣ್ಣ ಇಣುಕುತ್ತದೆ.

ಡೆಕಾಲ್‌ಗೆ ಸಲ್ಲಬೇಕಾದ ಹೊಗಳಿಕೆಯನ್ನು ನಾನು ತಡೆಹಿಡಿಯುವುದಿಲ್ಲ. ಹಂಫ್ರಿ ಡಿ ಬೂನ್‌ನ ಲಾಂಛನದಲ್ಲಿ ನೀಲಿಯ ಮೇಲೆ ಬಿಳಿಯ ಓರೆಪಟ್ಟಿ, ಅದರ ಎರಡೂ ಬದಿಗೆ ಚಿನ್ನದ ಎಳೆಗಳು, ಅವುಗಳಾಚೆ ಆರು ಚಿನ್ನದ ಮರಿಸಿಂಹಗಳು ಇವೆ. ಹನ್ನೆರಡು ಮಿಲಿಮೀಟರ್ ಎತ್ತರದ ಗುರಾಣಿಯಲ್ಲಿ ಆರು ಸಿಂಹಗಳ ಪಂಜ, ಬಾಲ, ನಾಲಗೆಗಳನ್ನು ಅಚ್ಚು ತೋರಿಸುವಷ್ಟು ಸ್ಪಷ್ಟವಾಗಿ ನನ್ನ ಕೈ ಎಂದಿಗೂ ತೋರಿಸಲಾರದು. ಆ ಒಂದು ಗುರಾಣಿಯ ಡೆಕಾಲನ್ನು ಮಾತ್ರ ಕೆರೆಯದೆ ಉಳಿಸಿಕೊಂಡಿದ್ದೇನೆ, ಸುತ್ತಲಿನ ನೀಲಿಯ ಮೇಲಷ್ಟೇ ನನ್ನ ಬಣ್ಣ ಹಚ್ಚಿದ್ದೇನೆ.

ಪೆನ್ನಿನ ವಿಷಯ ಬೇಗ ಮುಗಿಯುತ್ತದೆ. ಸಾಲು ಗೆರೆ ಎಳೆಯಲು ಅದು ಕುಂಚಕ್ಕಿಂತ ಸುಲಭ, ಕೈ ನಡುಗುವವರಿಗೆ ಆಸರೆ. ಆದರೆ ಬಣ್ಣಕ್ಕೆ ಮೊದಲು ಹಚ್ಚುವ ತಳಪದರವಾದ ಪ್ರೈಮರಿನ ಒರಟಿಗೆ ಉಜ್ಜಿ ಉಜ್ಜಿ ನನ್ನ ಎರಡು ಮೊನೆಗಳು ಸವೆದುಹೋದವು, ಮಡಿಕೆಯ ಒಳಗೆ ಮೊನೆ ಇಳಿಯಲಿಲ್ಲ, ಕುಂಚದಿಂದ ವಾರ್ನಿಶ್ ಸವರಿದಾಗ ಒಂದು ಗೆರೆ ಕದಡಿ ಬಿಳಿಯೆಲ್ಲ ಬೂದು ಬಣ್ಣವಾಯಿತು. ಬಿಳಿಯ ಮೇಲೆ ಅರ್ಮಿನ್ ಎಂಬ ತುಪ್ಪಳ ವಿನ್ಯಾಸದ ಕಪ್ಪು ಬೊಟ್ಟುಗಳನ್ನು ಇಡಲು ಮಾತ್ರ ಇಂದಿಗೂ ಬಳಸುತ್ತೇನೆ, ಮೇಲೆ ಸ್ಪ್ರೇ ವಾರ್ನಿಶನ್ನೇ ಹೊಡೆಯುತ್ತೇನೆ.

ಇನ್ನು ಕುಂಚ. ಇದರಲ್ಲಿ ಗುರಾಣಿಯ ಕೆಂಪೂ ಕುದುರೆಯ ಕೆಂಪೂ ಒಂದೇ ಬಾಟಲಿಯಿಂದ ಬರುತ್ತವೆ, ಆದ್ದರಿಂದ ದೀಪ ಬದಲಾದರೂ ಹಗಲು ಬಂದರೂ ಅವು ಜೊತೆಯಾಗಿಯೇ ಬದಲಾಗುತ್ತವೆ. ನನಗೆ ಇದೊಂದೇ ಸಾಕಾಗಿತ್ತು. ಕಲಿಯುತ್ತಾ ಹೋದಂತೆ ಲಾಂಛನಗಳೇ ಕುಂಚಕ್ಕೆ ಅನುಕೂಲವಾಗಿ ಹುಟ್ಟಿದವು ಎಂಬ ಭಾವನೆಯೂ ಬಲವಾಯಿತು. ಚಿನ್ನ ಅಂದರೆ ಹಳದಿ, ಬೆಳ್ಳಿ ಅಂದರೆ ಬಿಳಿ, ಇವೆರಡನ್ನು ಲೋಹಗಳೆಂದೂ ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆಗಳನ್ನು ಬಣ್ಣಗಳೆಂದೂ ವಿಂಗಡಿಸಿ, ಲೋಹದ ಮೇಲೆ ಲೋಹವನ್ನಾಗಲಿ ಬಣ್ಣದ ಮೇಲೆ ಬಣ್ಣವನ್ನಾಗಲಿ ಇಡಬಾರದು ಎಂದು ಶಾಸ್ತ್ರ ಹೇಳುತ್ತದೆ. ಹೀಗಾಗಿ ತಿಳಿಬಣ್ಣದ ಪಕ್ಕದಲ್ಲಿ ಗಾಢಬಣ್ಣ ಬರುತ್ತದೆ, ದೂರದಿಂದಲೂ ಆಕಾರ ಕಣ್ಣಿಗೆ ಹೊಡೆಯುತ್ತದೆ, ಮತ್ತು ಸಣ್ಣ ಆಕಾರಗಳು ತುಸು ಒರಟಾಗಿದ್ದರೂ ಓದಲು ಸಿಗುತ್ತವೆ.

ಹಳದಿಯೊಂದು ನನ್ನನ್ನು ಬಹಳ ಕಾಡಿತು. ಹಳದಿ ಬಣ್ಣ ತನ್ನ ಕೆಳಗಿನದನ್ನು ಚೆನ್ನಾಗಿ ಮುಚ್ಚುವುದಿಲ್ಲ, ನಾಲ್ಕು ಪದರ ಹಚ್ಚಿದರೂ ಪಟ್ಟೆ ಪಟ್ಟೆಯಾಗಿಯೇ ಉಳಿಯುತ್ತದೆ. ಬಿಳಿ ಪ್ರೈಮರಿನ ಮೇಲೆ ಮೊದಲು ಕಾವಿಮಣ್ಣಿನಂಥ ಕಂದುಹಳದಿ, ಅದರ ಮೇಲೆ ಹಳದಿ, ಏಣುಗಳಿಗೆ ದಂತವರ್ಣ ಬೆರೆಸಿದ ಹಳದಿ ಎಂಬ ಕ್ರಮವನ್ನು ಹಿಡಿದ ಮೇಲೆ ಎರಡೇ ಪದರಗಳಲ್ಲಿ ಕೆಲಸ ಮುಗಿಯಿತು. ಚಿನ್ನಕ್ಕೆ ಲೋಹದ ಹೊಳಪಿನ ಬಣ್ಣವನ್ನೇ ಹಚ್ಚಬೇಕೆಂದು ವಾದಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕಾರ್ಲಾವರಾಕ್ ಪದ್ಯವೇ ಲಿಂಕನ್‌ನ ಅರ್ಲ್ ಪದವಿಯ ಹೆನ್ರಿ ಡಿ ಲೇಸಿಯ ಪತಾಕೆಯನ್ನು ಕೇಸರಿ ಬಣ್ಣದ ರೇಷ್ಮೆಯ ಮೇಲೆ ನೇರಳೆ ಸಿಂಹ ಎಂದು ವರ್ಣಿಸುತ್ತದೆ, ಹೆನ್ರಿ ಪರ್ಸಿಯದನ್ನು ಹಳದಿಯ ಮೇಲೆ ನೀಲಿ ಸಿಂಹ ಎನ್ನುತ್ತದೆ. ಬಟ್ಟೆಯನ್ನು ಬಟ್ಟೆಯಾಗಿಯೇ ತೋರಿಸುವುದು ಸರಿ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಡ.

ಕೆಂಪನ್ನು ತಿಳಿಗೊಳಿಸಲು ಬಿಳಿಯನ್ನು ಬೆರೆಸಬಾರದು, ಗುಲಾಬಿಯಾಗುತ್ತದೆ, ಕಿತ್ತಳೆ ಬೆರೆಸಬೇಕು.

ಏಮರ್ ಡಿ ವಾಲೆನ್ಸ್‌ನ ಗುರಾಣಿ ನನ್ನ ಪರೀಕ್ಷೆಯಾಗಿತ್ತು: ಬಿಳಿ ನೀಲಿ ಅಡ್ಡಪಟ್ಟೆಗಳು, ಅಂಚಿನ ಒಳಗೆ ಸುತ್ತಲೂ ಕೆಂಪು ಮಾರ್ಟ್‌ಲೆಟ್ ಹಕ್ಕಿಗಳು. ಮಾರ್ಟ್‌ಲೆಟ್‌ಗೆ ಕಾಲುಗಳಿಲ್ಲ, ಇದು ನಮ್ಮ ಪುಣ್ಯ. ಗುರಾಣಿಯನ್ನೆಲ್ಲ ಬಿಳಿಯಾಗಿಸಿ, ನೀಲಿ ಪಟ್ಟೆಗಳನ್ನು ನಡುವಿನಿಂದ ಆರಂಭಿಸಿ ಎಳೆದು, ಸೊಟ್ಟಾದ ಕಡೆ ಬಿಳಿಯಿಂದಲೇ ತಿದ್ದಿ, ಹಕ್ಕಿ ಬರುವಲ್ಲೆಲ್ಲ ದಂತವರ್ಣದ ಒಂದೊಂದು ಬೊಟ್ಟನ್ನು ಮೊದಲು ಇಟ್ಟೆ. ಹಾಗೆ ಇಡದಿದ್ದರೆ ನೀಲಿಯ ಮೇಲೆ ಬಿದ್ದ ಕೆಂಪು ಮಂಕಾಗುತ್ತದೆ. ಬಳಿಕ ಹಕ್ಕಿಯೊಂದಕ್ಕೆ ಮೂರೇ ಗೀಟು: ಅಲ್ಪವಿರಾಮದ ಹಾಗೆ ಮೈ, ಒಂದು ರೆಕ್ಕೆ, ಒಂದು ಬಾಲ. ಪರ್ಸಿಯ ಸಿಂಹದಂತಹ ದೊಡ್ಡ ಪ್ರಾಣಿಯಾದರೆ ಅದನ್ನು ತುಸು ದಪ್ಪವಾಗಿ ಬಿಡಿಸಿಕೊಂಡು, ಸುತ್ತಲಿನ ಬಣ್ಣವನ್ನು ಒಳಕ್ಕೆ ಒತ್ತುತ್ತಾ ಬಂದು ಸೊಂಟ, ಕತ್ತುಗಳನ್ನು ಕೊರೆದು ತೆಗೆಯುವುದು ಸುಲಭ; ಶಿಲ್ಪಿ ಕಲ್ಲನ್ನು ತೆಗೆಯುವ ರೀತಿಯೇ ಇಲ್ಲಿ ನಡೆಯುತ್ತದೆ.

ಚೌಕುಳಿ ಹೊದಿಕೆ ಅತ್ಯಂತ ದೀರ್ಘವಾದ ಕೆಲಸ. ಅರ್ಲ್ ವಾರೆನ್‌ನದು ಹಳದಿ ನೀಲಿ ಚೌಕುಳಿ. ಗೆರೆಗಳು ಮಡಿಕೆಯ ಜೊತೆ ಇಳಿದು ಏರಬೇಕು, ಕುದುರೆಯ ಎದೆಯ ಬಳಿ ಚೌಕಗಳು ಬಟ್ಟೆಯೊಡನೆ ಬಾಗಬೇಕು. ಒಂದು ಕುದುರೆಗೆ ನನಗೆ ಐದು ಸಂಜೆ ಹಿಡಿಯಿತು. ಆ ಐದು ಸಂಜೆಗಳಲ್ಲಿ ಒಂದನ್ನೂ ನಾನು ಹಿಂದಕ್ಕೆ ಕೇಳುವುದಿಲ್ಲ.

ಕುಂಚದ ಗಾತ್ರದ ಬಗ್ಗೆ ಒಂದು ಮಾತು. ಸಣ್ಣ ಕೆಲಸಕ್ಕೆ ಸಣ್ಣ ಕುಂಚ ಎಂದು ಮೂರು ಸೊನ್ನೆ ನಂಬರಿನ ತೀರಾ ತೆಳುವಾದದ್ದನ್ನು ಕೊಳ್ಳಬೇಡಿ. ಬೆಂಗಳೂರಿನ ಏಪ್ರಿಲ್ ಒಣಹವೆಯಲ್ಲಿ ಅದರ ತುದಿಯ ಬಣ್ಣ ಗುರಾಣಿ ಮುಟ್ಟುವ ಮೊದಲೇ ಒಣಗಿರುತ್ತದೆ. ಮೊನೆ ಚೂಪಾಗಿರುವ ಒಂದನೇ ನಂಬರಿನ ಕೊಲಿನ್‌ಸ್ಕಿ ಎಂಬ ಪ್ರಾಣಿರೋಮದ ಕುಂಚ, ತಿಂಡಿ ಡಬ್ಬಿಯಲ್ಲಿ ಒದ್ದೆ ಸ್ಪಂಜಿನ ಮೇಲೆ ಬೇಕಿಂಗ್ ಕಾಗದ ಹಾಸಿದ ಪ್ಯಾಲೆಟ್, ಇವೆರಡೇ ನನ್ನ ದೊಡ್ಡ ಖರ್ಚು ಮತ್ತು ದೊಡ್ಡ ಸೌಕರ್ಯ.

ನನ್ನದು ಹನ್ನೆರಡು ಸವಾರರ ಪಡೆ, ದಿನಕ್ಕೊಂದು ಗಂಟೆಯ ಬಿಡುವು, ತಿಂಗಳಿಗೆ ಒಂದೆರಡು ಬಾಟಲಿಯ ಬಜೆಟ್ಟು. ಇಂಥವರಿಗೆ ಕುಂಚವೇ ಸರಿ. ಕೆಲವೇ ವಾರಗಳಲ್ಲಿ ಆಟಕ್ಕೆಂದು ಅರವತ್ತು ಕಾಲಾಳುಗಳನ್ನು ಸಿದ್ಧಪಡಿಸಬೇಕಾದವರು, ಅದರಲ್ಲೂ ಲಾಂಛನ ಗುರಾಣಿಯ ಮೇಲೆ ಮಾತ್ರ ಇರುವ ಪಡೆಯವರು, ಡೆಕಾಲನ್ನು ಧಾರಾಳವಾಗಿ ಕೊಳ್ಳಬಹುದು; ಬಣ್ಣ ಹೊಂದಿಸಬೇಕಾದ ಬಟ್ಟೆಯೇ ಅವರಲ್ಲಿರುವುದಿಲ್ಲ. ಈಟಿಯ ಪತಾಕೆಗಳಿಗೆ ಮಾತ್ರ ನಾನೂ ಕಾಗದವನ್ನೇ ಬಳಸುತ್ತೇನೆ, ಆದರೆ ಬಿಳಿ ಕಾಗದ ತೆಗೆದುಕೊಂಡು ಅದೇ ಬಾಟಲಿಯ ಬಣ್ಣ ಹಚ್ಚುತ್ತೇನೆ.

ಈಗ ಮೇಜಿನ ಮೇಲೆ ಬ್ರಯನ್ ಫಿಟ್ಜ್‌ಆಲನ್ ಮತ್ತು ಹ್ಯೂ ಪಾಯಿಂಟ್ಸ್ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ಇಬ್ಬರದೂ ಹಳದಿ ಕೆಂಪು ಅಡ್ಡಪಟ್ಟೆಗಳ ಒಂದೇ ಲಾಂಛನ; ಒಬ್ಬನದಕ್ಕಿಂತ ಇನ್ನೊಬ್ಬನದು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಅದನ್ನು ಕುರಿತು ಇಬ್ಬರ ನಡುವೆ ತಕರಾರಿತ್ತು ಎಂದು ಪದ್ಯವೇ ಹೇಳುತ್ತದೆ. ಒಬ್ಬನಿಗೆ ಕಡುಗೆಂಪು, ಮತ್ತೊಬ್ಬನಿಗೆ ತಿಳಿಗೆಂಪು ಕೊಟ್ಟು ಬೇರೆ ಮಾಡುವ ಆಸೆ ಮೊದಲು ಬಂದಿತ್ತು. ಆಮೇಲೆ ಬೇಡವೆನಿಸಿತು. ಇಬ್ಬರಿಗೂ ಅದೇ ಎರಡು ಬಾಟಲಿಗಳಿಂದಲೇ ಹಚ್ಚುತ್ತಿದ್ದೇನೆ. ಫಿಟ್ಜ್‌ಆಲನ್‌ನ ಕುದುರೆಯ ಕಾಲುಗಳು ಬಿಳಿ, ಪಾಯಿಂಟ್ಸ್‌ನದು ಕಪ್ಪು, ಅಷ್ಟೇ ವ್ಯತ್ಯಾಸ.