ಅರ್ಧ ಶುಲ್ಕದ ಪಾಲುದಾರಿಕೆ: ಮೈಸೂರಿನ ಸಣ್ಣ ಕನ್ಸಲ್ಟೆನ್ಸಿಗೆ ಒದಗಿದ ನೇಮಕಾತಿ ಜಾಲ

ಹೂಟಗಳ್ಳಿ, ಹೆಬ್ಬಾಳ, ನಂಜನಗೂಡಿನ ಕಾರ್ಖಾನೆಗಳಿಗೆ ಸಿಬ್ಬಂದಿಯನ್ನು ಹುಡುಕಿಕೊಡುವ ನನ್ನಂಥ ಸಣ್ಣ ಕನ್ಸಲ್ಟೆನ್ಸಿಗಳಿಗೆ ಕೆಲವೊಮ್ಮೆ ಒಳ್ಳೆಯ ಅಭ್ಯರ್ಥಿ ಸಿಕ್ಕರೂ ತಕ್ಕ ಹುದ್ದೆ ಇರುವುದಿಲ್ಲ; ಇನ್ನು ಕೆಲವೊಮ್ಮೆ ಕಂಪನಿ ಹುದ್ದೆ ಕೊಟ್ಟು ಕಾಯುತ್ತಿದ್ದರೂ ಅದಕ್ಕೆ ಹೊಂದುವವರು ಸಿಗುವುದಿಲ್ಲ. ಈ ತೊಡಕಿಗೆ ಪರಿಹಾರವಾಗಬಹುದೆಂದು ಬೆಂಗಳೂರಿನಿಂದ ನಡೆಯುವ ಒಂದು ನೇಮಕಾತಿ ಜಾಲದ ಸದಸ್ಯನಾದೆ. ಕಂಪನಿಯ ಹುದ್ದೆ ತುಂಬುವ ಕೆಲಸ ಸಿಕ್ಕ ಕನ್ಸಲ್ಟೆಂಟ್‌ಗಳು ಅದರ ವಿವರವನ್ನು ಜಾಲದಲ್ಲಿ ಹಾಕುತ್ತಾರೆ, ಅಭ್ಯರ್ಥಿ ಇರುವವರು ಬಯೋಡೇಟಾ ಕಳುಹಿಸುತ್ತಾರೆ, ನೇಮಕವಾದರೆ ಕಂಪನಿ ಕೊಡುವ ಶುಲ್ಕವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಅಮೆರಿಕದಲ್ಲಿ ಈ ಪದ್ಧತಿ ಹಳೆಯದು. ಎನ್‌ಪಿಎ ವರ್ಲ್ಡ್‌ವೈಡ್ ಎಂಬ ಜಾಲದ ಮೂಲ 1956ರಷ್ಟು ಹಿಂದಿನದು. ನಮ್ಮ ಊರುಗಳಲ್ಲಿ ಇದು ಇನ್ನೂ ಹೆಚ್ಚಾಗಿ ಪರಿಚಯದ ಮೇಲೆ, ಫೋನಿನ ಮಾತಿನ ಮೇಲೆಯೇ ನಡೆಯುತ್ತಿದೆ.

ನಮ್ಮಲ್ಲಿ ಬಹಳ ಕಂಪನಿಗಳು ವಾರ್ಷಿಕ ಸಂಬಳದ ಶೇ. 8.33ರಷ್ಟನ್ನು, ಅಂದರೆ ಒಂದು ತಿಂಗಳ ಸಂಬಳವನ್ನು, ಶುಲ್ಕವಾಗಿ ಕೊಡುತ್ತವೆ. 12 ಲಕ್ಷ ರೂಪಾಯಿ ಸಂಬಳದ ಹುದ್ದೆಗೆ ಅದು ಸುಮಾರು 1 ಲಕ್ಷವಾಗುತ್ತದೆ. ಈ ಜಾಲ ಶೇ. 10ರಷ್ಟನ್ನು ತಾನು ಇಟ್ಟುಕೊಳ್ಳುವುದರಿಂದ ಉಳಿದ 90,000 ರೂಪಾಯಿಯಲ್ಲಿ ತಲಾ 45,000 ಬರುತ್ತದೆ. ಪಾಲಿನ ಲೆಕ್ಕವನ್ನು ಶೇ. 18ರ ಜಿಎಸ್‌ಟಿಯನ್ನು ಬಿಟ್ಟು ಮೂಲ ಮೊತ್ತದ ಮೇಲೆ ಮಾಡಬೇಕೆಂದು ಇವರ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಬಾಯಿಮಾತಿನ ಪಾಲುದಾರಿಕೆಗಳಲ್ಲಿ ಮೊದಲ ಜಗಳ ಹುಟ್ಟುವುದೇ ಇಲ್ಲಿ, ಆದ್ದರಿಂದ ಈ ಒಂದು ಸಾಲಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಅಭ್ಯರ್ಥಿಯಿಂದ ಒಂದು ರೂಪಾಯಿ ಪಡೆದರೂ ಸದಸ್ಯತ್ವ ರದ್ದಾಗುತ್ತದೆ ಎಂಬ ನಿಯಮವೂ ಇದೆ. ಕೆಲಸ ಹುಡುಕುವವರಿಂದ ಹಣ ಕೇಳುವವರು ಈ ವೃತ್ತಿಗೇ ಕೆಟ್ಟ ಹೆಸರು ತಂದಿರುವಾಗ, ಅದು ಇರಲೇಬೇಕಾದ ನಿಯಮ.

ಶುಲ್ಕದ ಲೆಕ್ಕದಲ್ಲಿ ಕಾಣದ ಒಂದು ಲಾಭವನ್ನೂ ಹೇಳಬೇಕು. ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದ ಹುದ್ದೆ ಪುಣೆಯ ಕನ್ಸಲ್ಟೆಂಟ್ ಕೈಯಲ್ಲಿರುತ್ತದೆ ಎಂದುಕೊಳ್ಳಿ. ಅವರಿಗೆ ಬಯೋಡೇಟಾಗಳು ಸಾಕಷ್ಟು ಸಿಗುತ್ತವೆ, ಆದರೆ ಆಫರ್ ಲೆಟರ್ ಪಡೆದವರು ನೋಟಿಸ್ ಅವಧಿಯಲ್ಲಿ ಮನಸ್ಸು ಬದಲಿಸಿ ಬೆಂಗಳೂರಿನಲ್ಲೇ ಉಳಿಯುತ್ತಾರೆಯೇ ಎಂಬುದನ್ನು ಅಷ್ಟು ದೂರದಿಂದ ಅಳೆಯಲಾಗದು. ಮಂಡ್ಯದ ಪಿಇಎಸ್‌ನಲ್ಲಿಯೋ ಮೈಸೂರಿನ ಎನ್‌ಐಇಯಲ್ಲಿಯೋ ಓದಿ ಹೊರಗೆ ದುಡಿಯುತ್ತಿರುವ ಯಾರಿಗೆ ವಯಸ್ಸಾದ ತಂದೆತಾಯಿಯ ಬಳಿಗೆ ಮರಳುವ ಮನಸ್ಸಿದೆ, ಯಾರ ಹೆಂಡತಿಯ ಕೆಲಸ ಬೆಂಗಳೂರು ಬಿಡಲು ಅಡ್ಡಿಯಾಗಿದೆ ಎಂಬುದು ಇಲ್ಲಿಯೇ ಇದ್ದು ಅಭ್ಯರ್ಥಿಗಳೊಡನೆ ವರ್ಷಗಟ್ಟಲೆ ಮಾತನಾಡಿದವರಿಗೆ ಮಾತ್ರ ತಿಳಿದಿರುತ್ತದೆ. ಅರ್ಧ ಶುಲ್ಕ ಸಲ್ಲುವುದು ಈ ತಿಳಿವಳಿಕೆಗೆ. ಜಾಲದ ಮೂಲಕ ನನಗೆ ಸಿಕ್ಕ ಒಳ್ಳೆಯ ಪಾಲುದಾರರೆಲ್ಲ ಇದನ್ನು ಅರಿತು, ಸಂದರ್ಶನಕ್ಕೆ ಮೊದಲೇ ಕರೆ ಮಾಡಿ ವಿಚಾರಿಸಿದವರು.

ಆದರೆ ಅಭ್ಯರ್ಥಿ ಯಾರಿಗೆ ಸೇರಿದವರು ಎಂಬ ವಿಷಯದಲ್ಲಿ ಈ ಸೇವೆ ನನ್ನನ್ನು ನಿರಾಶೆಗೊಳಿಸಿದೆ. ಒಬ್ಬರ ಬಯೋಡೇಟಾವನ್ನು ಇಬ್ಬರು ಕಳುಹಿಸಿದರೆ, ತಂತ್ರಾಂಶದಲ್ಲಿ ಮೊದಲು ದಾಖಲಾದವರಿಗೇ ಪಾಲು ಹೋಗುತ್ತದೆ. ಇದರಿಂದಾಗಿ ಅಭ್ಯರ್ಥಿಗೆ ಒಂದು ಕರೆಯನ್ನೂ ಮಾಡದೆ, ಉದ್ಯೋಗ ಜಾಲತಾಣದಿಂದ ಇಳಿಸಿಕೊಂಡ ಬಯೋಡೇಟಾಗಳನ್ನು ರಾಶಿ ರಾಶಿಯಾಗಿ ಸುರಿಯುವವರು ಗೆಲ್ಲುತ್ತಾರೆ. ಸಂಬಳ, ಮನೆ, ಮಕ್ಕಳ ಶಾಲೆ ಎಲ್ಲವನ್ನೂ ಮಾತನಾಡಿ ಒಪ್ಪಿಸಿದವರು ಸೋಲುತ್ತಾರೆ. ಈ ಹುದ್ದೆಗೆ ತನ್ನ ಹೆಸರು ಕಳುಹಿಸಬಹುದೆಂದು ಅಭ್ಯರ್ಥಿಯೇ ಮೇಲ್ ಅಥವಾ ವಾಟ್ಸಾಪ್‌ನಲ್ಲಿ ಕೊಟ್ಟ ಒಪ್ಪಿಗೆಯನ್ನು ಆಧಾರವಾಗಿ ಕೇಳಿದ್ದರೆ ಈ ಅನ್ಯಾಯ ಬಹುಪಾಲು ನಿಲ್ಲುತ್ತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಇಷ್ಟು ಮಹತ್ವ ಕೊಟ್ಟಿರುವಾಗ ಜಾಲದವರು ಇದನ್ನು ಇನ್ನೂ ಅಳವಡಿಸದಿರುವುದಕ್ಕೆ ನನಗೆ ಸರಿಯಾದ ಕಾರಣ ಕಾಣುತ್ತಿಲ್ಲ.

ರಿಪ್ಲೇಸ್‌ಮೆಂಟ್ ನಿಯಮವೂ ಒಂದು ಕಡೆಗೆ ವಾಲಿದೆ. ಸೇರಿದವರು 90 ದಿನಗಳೊಳಗೆ ಬಿಟ್ಟುಹೋದರೆ ಬದಲಿ ವ್ಯಕ್ತಿಯನ್ನು ಹುಡುಕುವ ಹೊಣೆಯನ್ನು ಅಭ್ಯರ್ಥಿಯನ್ನು ಕೊಟ್ಟವರ ಮೇಲೆ ಮಾತ್ರ ಹೊರಿಸಲಾಗಿದೆ. ಪಾಳಿಯ ಸಮಯ, ಕ್ಯಾಬ್ ಸೌಲಭ್ಯದಂಥ ವಿವರಗಳನ್ನು ಕಂಪನಿಯ ಕಡೆಯ ಪಾಲುದಾರರು ಸರಿಯಾಗಿ ತಿಳಿಸದೆ ವ್ಯಕ್ತಿ ಬಿಟ್ಟುಹೋದರೂ ನಿಯಮ ಅದೇ. ಶುಲ್ಕ ಅರ್ಧರ್ಧವಾದರೆ ಈ ಹೊಣೆಯೂ ಅರ್ಧರ್ಧವಾಗಬೇಕು. ಹಣವೂ ಕಂಪನಿ ಕೊಟ್ಟ ಮೇಲೆಯೇ ನಮ್ಮ ಕೈಸೇರುವುದರಿಂದ, ಕಂಪನಿಯೊಡನೆ ಮಾತನಾಡುವ ಪಾಲುದಾರರು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿಕೊಂಡಿದ್ದಾರೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. 2006ರ ಎಂಎಸ್‌ಎಂಇ ಕಾಯ್ದೆಯಂತೆ ನೋಂದಾಯಿತ ಸಣ್ಣ ಉದ್ಯಮದ ಬಿಲ್ಲನ್ನು, ಒಪ್ಪಂದದಲ್ಲಿ ಏನೇ ಬರೆದಿದ್ದರೂ, 45 ದಿನಗಳೊಳಗೆ ಪಾವತಿಸಬೇಕು.

ಸ್ಥಳೀಯ ಅಭ್ಯರ್ಥಿಗಳ ಪರಿಚಯ ಚೆನ್ನಾಗಿದ್ದು ಕಂಪನಿಗಳ ಸಂಪರ್ಕ ಕಡಿಮೆ ಇರುವ ಮೈಸೂರು, ಮಂಡ್ಯದ ಕನ್ಸಲ್ಟೆನ್ಸಿಗಳು ಈ ಜಾಲವನ್ನು ಸೇರಬಹುದು. ಸೇರಿದ ಮೇಲೆ ಪ್ರತಿ ಹೆಸರು ಕಳುಹಿಸುವ ಮೊದಲು ಅಭ್ಯರ್ಥಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ರಿಪ್ಲೇಸ್‌ಮೆಂಟ್ ಹೊಣೆಯ ಹಂಚಿಕೆಯನ್ನು ಪಾಲುದಾರರೊಡನೆ ಪ್ರತ್ಯೇಕ ಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು. ಸಾಫ್ಟ್‌ವೇರ್ ಹುದ್ದೆಗಳಿಗೆ ಬಯೋಡೇಟಾ ಸುರಿಯುವವರ ಪೈಪೋಟಿ ವಿಪರೀತವಾಗಿರುವುದರಿಂದ ನಾನು ಸದ್ಯ ಕಾರ್ಖಾನೆ ಮತ್ತು ಔಷಧ ವಲಯದ ಹುದ್ದೆಗಳಿಗೆ ಮಾತ್ರ ಇದನ್ನು ಬಳಸುತ್ತಿದ್ದೇನೆ, ಮತ್ತು ಅಷ್ಟರ ಮಟ್ಟಿಗೆ ಸದಸ್ಯತ್ವವನ್ನು ನವೀಕರಿಸಿದ್ದೇನೆ.