ಹೊಸ ಕ್ಯಾಮ್‌ಗೆ ಹಳೆಯ ಟ್ಯಾಪೆಟ್: ಅಂಬಾಸಿಡರ್‌ಗೆ ಎರಡು ಸಲ ಎಂಜಿನ್ ಕೂರಿಸಿದವನ ಹೋಲಿಕೆ

ಗುಜರಿಯಿಂದ ತಂದ ಹಳೆಯ ಎಂಜಿನ್ನಿನ ಕ್ಯಾಮ್ ಶಾಫ್ಟ್ (ವಾಲ್ವ್‌ಗಳನ್ನು ತೆರೆಸುವ, ಉಬ್ಬುಗಳಿರುವ ದಂಡ) ಮತ್ತು ಆ ಉಬ್ಬುಗಳ ಮೇಲೆ ಕೂರುವ ಟ್ಯಾಪೆಟ್‌ಗಳು ಸವೆದಿರದಿದ್ದರೆ, ಅವುಗಳ ಜೋಡಿ ಮುರಿಯದೆ ಇದ್ದಲ್ಲೇ ಬಿಡಬೇಕು ಎನ್ನುವ ಪಕ್ಷ ನನ್ನದು. ಈ ಪಕ್ಷಕ್ಕೆ ನಾನು ಸೇರಿದ್ದು ಒಂದು ಎಂಜಿನ್ ಹಾಳು ಮಾಡಿಕೊಂಡ ಮೇಲೆ.

ನನ್ನದು 1982ರ ಮಾರ್ಕ್ 4 ಅಂಬಾಸಿಡರ್. ಹಿಂದಿನ ಮಾಲೀಕರು ಟ್ಯಾಕ್ಸಿಗೆಂದು ಡೀಸೆಲ್ ಎಂಜಿನ್ ಹಾಕಿಸಿದ್ದರು. ಅದರ ಗಡಗಡ ಸಾಕಾಗಿ, ಮಾರ್ಕ್ 2 ಕಾಲದ 1489 ಸಿಸಿ ಪೆಟ್ರೋಲ್ ಎಂಜಿನ್ ಒಂದನ್ನು ಹುಡುಕಿ ತಂದೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸರಣಿಯ ಈ ಎಂಜಿನ್ನಿನಲ್ಲಿ ಕ್ಯಾಮ್ ಬ್ಲಾಕಿನೊಳಗೆ ಕೆಳಗಡೆ ಇರುತ್ತದೆ. ಅದರ ಮೇಲೆ ಲೋಟದಂಥ ಎಂಟು ಟ್ಯಾಪೆಟ್‌ಗಳು, ಅವುಗಳಿಂದ ಮೇಲೆದ್ದ ಪುಶ್‌ರಾಡ್‌ಗಳು, ಮುಚ್ಚಳದಂಥ ಹೆಡ್ಡಿನ ಮೇಲೆ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳು. ಎಣ್ಣೆಯ ಒತ್ತಡದಿಂದ ತಾನೇ ಹೊಂದಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಎಂಬ ಮಾತೇ ಇಲ್ಲ. ರಾಕರಿಗೂ ವಾಲ್ವಿನ ತುದಿಗೂ ನಡುವಿನ ಅಂತರವನ್ನು ಕೈಯಿಂದಲೇ ಹೊಂದಿಸಬೇಕು.

ಮೊದಲ ಸಲ ನಾನು ಜಾಣತನ ತೋರಿಸಲು ಹೋದೆ. ಹೇಗೂ ಎಂಜಿನ್ ಬಿಚ್ಚಿದೆ, ಕ್ಯಾಮ್ ಹೊಸದಿರಲಿ ಎಂದು ಪೆಟ್ಟಿಗೆಯಲ್ಲಿದ್ದದ್ದನ್ನು ಕೊಂಡೆ. ಟ್ಯಾಪೆಟ್‌ಗಳನ್ನೂ ಹೊಸದಾಗಿ ಕೊಳ್ಳಲಾಗದಷ್ಟು ಕೈ ಬಿಗಿಯಾಗಿರಲಿಲ್ಲ, ಆದರೆ ಮೆಕ್ಯಾನಿಕ್ ಹಳೆಯ ಎಂಟನ್ನೂ ಸೀಮೆಎಣ್ಣೆಯ ತಟ್ಟೆಯಲ್ಲಿ ತೊಳೆದು, ‘ಕನ್ನಡಿಯ ಹಾಗೆ ಹೊಳೆಯುತ್ತಿವೆ, ಸುಮ್ಮನೆ ಯಾಕೆ ಖರ್ಚು’ ಎಂದರು. ಹೊಳೆಯುತ್ತಿದ್ದುದು ನಿಜ. ತಟ್ಟೆಯಲ್ಲಿ ಯಾವುದು ಯಾವ ರಂಧ್ರದ್ದು ಎಂಬ ಲೆಕ್ಕ ತಪ್ಪಿತ್ತು ಎನ್ನುವುದೂ ನಿಜ.

ಸುಮಾರು ಮುನ್ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಆರನೆಯ ವಾಲ್ವ್ ಟಿಕ್ ಟಿಕ್ ಎನ್ನತೊಡಗಿತು. ಈ ಎಂಜಿನ್ನಿನಲ್ಲಿ ಅಂತರ ಹೊಂದಿಸುವುದಕ್ಕೆ ಒಂಬತ್ತರ ಲೆಕ್ಕ ಎಂಬ ಸುಲಭದ ದಾರಿ ಇದೆ: ಯಾವ ವಾಲ್ವ್ ಪೂರ್ತಿ ತೆರೆದಿದೆಯೋ ಅದರ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಉಳಿಯುವ ವಾಲ್ವನ್ನು ಹೊಂದಿಸಬೇಕು. ಮೂರನೆಯದು ತೆರೆದಾಗ ಆರನೆಯದು. ಭಾನುವಾರ ಕುಳಿತು 15 ಥೌ (ಇಂಚಿನ ಸಾವಿರದಲ್ಲಿ ಹದಿನೈದು ಭಾಗ), ಅಂದರೆ 0.38 ಮಿಲಿಮೀಟರ್, ಹೊಂದಿಸಿದೆ. ಗುರುವಾರದ ಹೊತ್ತಿಗೆ ಮತ್ತೆ ಟಿಕ್ ಟಿಕ್.

ಲಾಕ್ ನಟ್ ಸಡಿಲವಾಗಿರಬೇಕು ಎಂದುಕೊಂಡೆ. ಬಿಗಿಯಾಗಿಯೇ ಇತ್ತು. ಮುಂದಿನ ವಾರ ರಾಕರ್ ಮೇಲೆ ಅನುಮಾನ ಬಂತು, ಅದರಲ್ಲಿ ತಪ್ಪೂ ಸಿಕ್ಕಿತು. ವಾಲ್ವಿನ ತುದಿಯನ್ನು ಒತ್ತಿ ಒತ್ತಿ ರಾಕರಿನ ಮೂತಿಯಲ್ಲಿ ಸಣ್ಣ ಗುಳಿ ಬಿದ್ದಿತ್ತು. ಅಂತರ ಅಳೆಯುವ ಚಪ್ಪಟೆ ಪಟ್ಟಿ, ಫೀಲರ್ ಗೇಜು, ಗುಳಿಯ ಎರಡು ಅಂಚುಗಳ ಮೇಲೆ ಸೇತುವೆಯಂತೆ ಕೂರುತ್ತದೆ; ಗುಳಿಯ ಆಳ ಅದಕ್ಕೆ ತಿಳಿಯುವುದೇ ಇಲ್ಲ. ಗೇಜು 15 ಎಂದಾಗ ನಿಜವಾದ ಅಂತರ ಇಪ್ಪತ್ತಕ್ಕೂ ಹೆಚ್ಚಿರಬಹುದು. ಜೊತೆಗೆ ರಾಕರ್ ಶಾಫ್ಟ್ ಕೆಳಮೈಯಲ್ಲಿ ಸವೆದಿತ್ತು, ಒಳಗೆ ಮಡ್ಡಿ ಕಟ್ಟಿತ್ತು. ಈ ಶಾಫ್ಟಿಗೆ ಎಣ್ಣೆ ಬರುವುದು ಹಿಂದಿನ ಬ್ರಾಕೆಟ್ಟಿನ ಮೂಲಕ, ಹಾಗಾಗಿ ಒಳಗೆ ಕಟ್ಟಿಕೊಂಡರೆ ರಾಕರ್‌ಗಳು ಒಣಗುತ್ತವೆ. ಹೊಸ ಶಾಫ್ಟ್, ಹೊಸ ಬುಷ್ ಹಾಕಿಸಿ, ಬೇರೆ ರಾಕರ್ ಕೂರಿಸಿದೆ. ಎಂಜಿನ್ ಎಷ್ಟು ಮೌನವಾಯಿತೆಂದರೆ ಡ್ಯಾಶ್‌ಬೋರ್ಡಿನ ಗಡಿಯಾರ ಕೇಳಿಸಿತು. ಗೆದ್ದೆ ಎಂದುಕೊಂಡೆ.

ಹತ್ತು ದಿನದ ಗೆಲುವು. ಈ ಸಲ ಆರರ ಜೊತೆಗೆ ಒಂದೂ ಸೇರಿಕೊಂಡಿತು. ಹೊಂದಿಸಿದಷ್ಟೂ ಅಂತರ ಬೆಳೆಯುತ್ತಿದೆ ಎಂದರೆ ಎಲ್ಲೋ ಲೋಹ ಕರಗುತ್ತಿದೆ ಎಂದು ಅಷ್ಟು ಹೊತ್ತಿಗಾದರೂ ಹೊಳೆಯಬೇಕಿತ್ತು. ಎಣ್ಣೆ ಇಳಿಸಿದಾಗ ಅದರಲ್ಲಿ ಬೆಳ್ಳಿಯ ಮಿನುಗು. ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್ ಕಳಚಿ, ಅವುಗಳ ಹಿಂದೆ ಅಡಗಿರುವ ಸೈಡ್ ಕವರ್ ತೆಗೆದು ಆರನೆಯ ಟ್ಯಾಪೆಟ್ ಎತ್ತಿದೆ. ಅದರ ತಳ ದೋಸೆ ಕಾವಲಿಯ ನಡುವಿನಂತೆ ಒಳಕ್ಕೆ ತಗ್ಗಿತ್ತು. ಹೊಸ ಕ್ಯಾಮಿನ ಉಬ್ಬು, ಅಂದರೆ ಲೋಬು, ಸವೆದು ಮೊಂಡಾಗಿತ್ತು.

ಕಾರಣ ಸರಳ. ಟ್ಯಾಪೆಟ್ಟಿನ ತಳ ಚಪ್ಪಟೆಯಾಗಿ ಕಾಣುತ್ತದೆ, ಆದರೆ ಹೊಸದರಲ್ಲಿ ನಡುಭಾಗ ಕೂದಲೆಳೆಯಷ್ಟು ಉಬ್ಬಿರುತ್ತದೆ. ಲೋಬಿಗೂ ಅತಿ ಸಣ್ಣ ಓರೆ ಇರುತ್ತದೆ. ಇವೆರಡೂ ಸೇರಿ ಪ್ರತಿ ಸಲ ಎತ್ತಿದಾಗಲೂ ಟ್ಯಾಪೆಟ್ಟನ್ನು ಚೂರು ತಿರುಗಿಸುತ್ತವೆ. ಆಗ ಸವೆತ ಹಂಚಿಹೋಗುತ್ತದೆ. ಹಳೆಯ ಟ್ಯಾಪೆಟ್ ತನ್ನ ಹಳೆಯ ಲೋಬಿಗೆ ಹೊಂದಿಕೊಂಡು ಸವೆದಿರುತ್ತದೆ. ಅದನ್ನು ಹೊಸ ಲೋಬಿನ ಮೇಲಿಟ್ಟರೆ ತಿರುಗುವುದು ನಿಲ್ಲುತ್ತದೆ, ಒಂದೇ ಜಾಗವನ್ನು ಉಜ್ಜುತ್ತದೆ. ಹಳೆಯ ಕ್ಯಾಮ್‌ಗೆ ಹೊಸ ಟ್ಯಾಪೆಟ್ ನಡೆಯುತ್ತದೆ; ಹೊಸ ಕ್ಯಾಮ್‌ಗೆ ಹಳೆಯ ಟ್ಯಾಪೆಟ್ ನಡೆಯುವುದಿಲ್ಲ.

ಲೋಹದ ಪುಡಿ ಬೇರಿಂಗ್‌ಗಳವರೆಗೂ ಹೋಗಿತ್ತು. ರಿಪೇರಿಗಿಂತ ಇನ್ನೊಂದು ಗುಜರಿ ಎಂಜಿನ್ನೇ ಅಗ್ಗವಾಗಿತ್ತು. ಈ ಸಲ ನಾನೇ ಕೈ ಹಾಕಿದೆ. ಮನೆಯ ಇಡ್ಲಿ ಸ್ಟ್ಯಾಂಡಿನ ಎರಡು ತಟ್ಟೆ, ಒಂದೊಂದರಲ್ಲಿ ನಾಲ್ಕು ಗುಳಿ. ಎಂಟು ಟ್ಯಾಪೆಟ್‌ಗಳಿಗೆ ಹೇಳಿ ಮಾಡಿಸಿದ ಜಾಗ. ಗುಳಿಗಳಿಗೆ ಸಂಖ್ಯೆ ಬರೆದು, ತೆಗೆದ ಕ್ರಮದಲ್ಲೇ ಇಟ್ಟೆ. ಎರಡು ಟ್ಯಾಪೆಟ್‌ಗಳ ತಳಕ್ಕೆ ತಳ ಸೇರಿಸಿ ಹಿಡಿದಾಗ ತುಸು ಓಲಾಡಿದರೆ ಉಬ್ಬು ಉಳಿದಿದೆ ಎಂದರ್ಥ. ಎಂಟೂ ಓಲಾಡಿದವು. ಪುಶ್‌ರಾಡ್‌ಗಳನ್ನು ಗಾಜಿನ ಮೇಲೆ ಉರುಳಿಸಿದೆ, ಒಂದೂ ಬಾಗಿರಲಿಲ್ಲ. ಎಲ್ಲವನ್ನೂ ಅದದೇ ರಂಧ್ರಕ್ಕೆ ಮರಳಿಸಿ, ಮೊದಲ ಎಂಜಿನ್ನಿಗೆ ಹಾಕಿಸಿದ್ದ ಹೊಸ ರಾಕರ್ ಶಾಫ್ಟನ್ನು ಮಾತ್ರ ಇದಕ್ಕೆ ವರ್ಗಾಯಿಸಿದೆ. ರಾಕರ್‌ಗಳಿಗೆ ಈ ಜೋಡಿಯ ಹಟವಿಲ್ಲ. ಮೂತಿ ನಯವಾಗಿದ್ದರೆ ಸಾಕು.

ಮೂರನೆಯ ದಾರಿ ಎಲ್ಲವನ್ನೂ ಹೊಸದು ಹಾಕುವುದು. ಗೆಳೆಯನೊಬ್ಬನ ಕಾರಿಗೆ ನಾವಿಬ್ಬರೂ ಸೇರಿ ಹಾಕಿದೆವು. ಇದರಲ್ಲಿ ತಾಂತ್ರಿಕವಾಗಿ ತಪ್ಪು ಹುಡುಕಲಾರೆ. ಆದರೆ ಮೊದಲ ಸಲ ಚಾಲೂ ಮಾಡಿದ ಕೂಡಲೇ 2,000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು, ನಡುವೆ ಐಡಲ್‌ಗೆ ಇಳಿಸಬಾರದು. ಲೋಬುಗಳಿಗೆ ಎಣ್ಣೆ ಹೆಚ್ಚಾಗಿ ಸಿಡಿದೇ ಬರಬೇಕು. ಅಷ್ಟರಲ್ಲಿ ಪಕ್ಕದ ಮನೆಯವರು ಎರಡು ಸಲ ಬಂದು ವಿಚಾರಿಸಿ ಹೋದರು. ಸತುವಿನ ಅಂಶ ಹೆಚ್ಚಿರುವ ಎಣ್ಣೆಯೂ ಬೇಕು. ಖರ್ಚು ನನ್ನ ಎರಡನೆಯ ಎಂಜಿನ್ನಿನ ಬೆಲೆಯನ್ನು ದಾಟಿತು.

ವಾಲ್ವ್‌ಗಳ ಬಗ್ಗೆ ಒಂದೇ ಮಾತು: ಈ ಹೆಡ್‌ಗಳು ಸೀಸ ಬೆರೆತ ಪೆಟ್ರೋಲಿನ ಕಾಲದವು, ವಾಲ್ವ್ ಕೂರುವ ಸೀಟನ್ನು ಸವೆತದಿಂದ ಕಾಯುತ್ತಿದ್ದುದು ಆ ಸೀಸವೇ, 2000ದ ಫೆಬ್ರುವರಿಯಿಂದ ದೇಶದಲ್ಲಿ ಅದು ಸಿಗುವುದಿಲ್ಲ, ಆದ್ದರಿಂದ ಎಕ್ಸಾಸ್ಟ್ ವಾಲ್ವಿನ ಅಂತರ ಕಡಿಮೆಯಾಗುತ್ತಾ ಹೋದರೆ ಸೀಟು ಒಳಸರಿಯುತ್ತಿದೆ ಎಂದು ತಿಳಿಯಿರಿ.

ನಾನು ತಿಂಗಳಿಗೆ ಹೆಚ್ಚೆಂದರೆ ಇನ್ನೂರು ಕಿಲೋಮೀಟರ್ ಓಡಿಸುವವನು, ಅದೂ ಭಾನುವಾರ ಬೆಳಿಗ್ಗೆ. ನನಗೆ ಜೋಡಿ ಮುರಿಯದ ಹಳೆಯ ಸೆಟ್ಟೇ ಸಾಕು. ದಿನವೂ ಊರಿಂದೂರಿಗೆ ಓಡಿಸುವವರು ಸಾಲ ಮಾಡಿಯಾದರೂ ಪೂರ್ತಿ ಹೊಸದನ್ನೇ ಹಾಕಿಕೊಳ್ಳಲಿ. ಹೊಸ ಕ್ಯಾಮ್, ಹಳೆಯ ಟ್ಯಾಪೆಟ್ ಎಂಬ ಅರ್ಧಂಬರ್ಧ ಯಾರಿಗೂ ಬೇಡ. ಎಂಜಿನ್ ಸಂಖ್ಯೆ ಬದಲಾದದ್ದನ್ನು ನೋಂದಣಿ ಪುಸ್ತಕದಲ್ಲಿ ಬರೆಸಲು ನಾನು ಆರ್‌ಟಿಒಗೆ ಎರಡೆರಡು ಸಲ ಅಲೆದದ್ದೂ ಆ ಅರ್ಧಂಬರ್ಧದ ಲೆಕ್ಕಕ್ಕೇ ಸೇರಬೇಕು.

ಎರಡನೆಯ ಎಂಜಿನ್ ಈಗ ಎರಡು ವರ್ಷದಿಂದ ಸದ್ದಿಲ್ಲದೆ ಓಡುತ್ತಿದೆ. ಸೈಡ್ ಕವರಿನ ಕಾರ್ಕ್ ಗ್ಯಾಸ್ಕೆಟ್ ಮಾತ್ರ ಮೊದಲನೆಯದರಲ್ಲೂ ಸೋರುತ್ತಿತ್ತು, ಇದರಲ್ಲೂ ಸೋರುತ್ತಿದೆ, ಗೆಳೆಯನ ಪೂರ್ತಿ ಹೊಸದರಲ್ಲೂ ಸೋರುತ್ತಿದೆ.