ಹಕ್ಕಿ ಬರಬೇಕಾದರೆ ಯಾವ ಗಿಡ? ಗಸಗಸೆ, ಹಮೇಲಿಯಾ, ಕರಿಬೇವು, ಕೇಪಳ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೆಚ್ಚುಗೆಯಾಗಿದ್ದು ಕೇಪಳ, ಅಂದರೆ ಇಕ್ಸೋರಾ. ಅದೂ ಗುಡ್ಡದ ಕೇಪಳ. ನರ್ಸರಿಯದ್ದಲ್ಲ. ನಮ್ಮದು ಬೆಂಗಳೂರಿನ 30×40 ಸೈಟು. ಕಾಂಪೌಂಡಿನ ಒಳಗೆ ಮೂರಡಿ ಅಗಲದ ಮಣ್ಣು, ಪಕ್ಕದಲ್ಲೇ ಕಾರು. ಅಷ್ಟರಲ್ಲೇ ಪಿಕಳಾರ (ಬುಲ್‌ಬುಲ್), ಸೂರಕ್ಕಿ (ಸನ್‌ಬರ್ಡ್), ಮಡಿವಾಳ ಹಕ್ಕಿ ಬರಬೇಕು ಅನ್ನೋ ಆಸೆ. ದೊಡ್ಡ ತೋಟ ಇದ್ದವರ ಲೆಕ್ಕ ಬೇರೆ.

ಯಾರನ್ನು ಕೇಳಿದರೂ ಗಸಗಸೆ ಹಣ್ಣಿನ ಮರ ಹಾಕಿ ಅನ್ನುತ್ತಾರೆ. ಸುಳ್ಳಲ್ಲ. ಬೇಗ ಬೆಳೆಯುತ್ತದೆ, ಹೆಚ್ಚುಕಡಿಮೆ ವರ್ಷವಿಡೀ ಹಣ್ಣು. ಪಿಕಳಾರ, ಕುಟ್ರ ಹಕ್ಕಿ, ಬದನಿಕೆ ಹಕ್ಕಿ ಎಲ್ಲ ಮುಗಿಬೀಳುತ್ತವೆ. ಆದರೆ ಇದು ಅಮೆರಿಕ ಕಡೆಯಿಂದ ಬಂದ ಮರ, ಸುಲಭವಾಗಿ 25 ಅಡಿ ದಾಟುತ್ತದೆ. ಹಗಲು ಹಕ್ಕಿ, ರಾತ್ರಿ ಬಾವಲಿ. ಬೆಳಗ್ಗೆ ಕಾರಿನ ಗತಿ ಕೇಳಬೇಡಿ. ನಮ್ಮದನ್ನು ತೆಗೆಸಿದೆವು. ಎದುರುಮನೆಯಲ್ಲಿ ಒಂದಿದೆ, ಸಾಕು.

ಕಿತ್ತಳೆಗೆಂಪು ಹೂವಿನ ಪೊದೆಗಿಡ ಹಮೇಲಿಯಾ ಕೂಡ ಅಮೆರಿಕದ್ದೇ. ಸೂರಕ್ಕಿಗೆ ಗಿಡದ ಊರು ಯಾವುದಾದರೇನು, ಮಕರಂದ ಸಿಕ್ಕರೆ ಆಯಿತು. ಆಗಾಗ ಕತ್ತರಿಸುತ್ತಿರಬೇಕು.

ಕರಿಬೇವು ನಮ್ಮ ನೆಲದ್ದು. ಒಗ್ಗರಣೆಗೆ ಎಲೆ, ಕೋಗಿಲೆ ಮತ್ತು ಪಿಕಳಾರಕ್ಕೆ ಕಪ್ಪು ಹಣ್ಣು. ಇದರ ಎಲೆ ತಿನ್ನೋ ಚಿಟ್ಟೆಹುಳುಗಳೂ ಇವೆ. ಹಣ್ಣು ತಿನ್ನೋ ಹಕ್ಕಿಗಳೂ ಮರಿಗಳಿಗೆ ಹುಳು ತಂದು ಕೊಡುತ್ತವೆ, ಹಾಗಾಗಿ ಹುಳು ಕಂಡ ತಕ್ಷಣ ಔಷಧಿ ಹೊಡೆಯೋರು ಹಕ್ಕಿಯ ಆಸೆ ಬಿಡೋದು ಒಳ್ಳೆಯದು. ತೊಂದರೆ ಏನೆಂದರೆ, ಬೇರಿನಿಂದ ಅಲ್ಲಲ್ಲಿ ಸಸಿ ಎದ್ದುಕೊಳ್ಳುತ್ತದೆ. ಕಿತ್ತು ನೆರೆಯವರಿಗೆ ಹಂಚುತ್ತೇನೆ.

ಈಗ ಕೇಪಳ. ಕರಾವಳಿ, ಮಲೆನಾಡಿನ ಗುಡ್ಡಗಳಲ್ಲಿ ತಾನಾಗಿಯೇ ಬೆಳೆಯುವ ಗಿಡ. ಕೆಂಪು ಹೂಗೊಂಚಲು, ಸಣ್ಣ ಕೆಂಪು ಹಣ್ಣು. ಮಾಗಿದ ಹಣ್ಣನ್ನು ಚಿಕ್ಕವರಿದ್ದಾಗ ನಾವೇ ತಿಂದವರು. ನರ್ಸರಿಯಲ್ಲಿ ಕೇಪಳ ಇದೆಯಾ ಅಂತ ಕೇಳಿದೆ. ಇದೆ ಅಂದರು. ಕುಂಡಕ್ಕೆ 120 ರೂಪಾಯಿ ಕೊಟ್ಟು ತಂದೆ. ಗಿಡ ಗಿಡ್ಡ, ಎಲೆ ಚಿಕ್ಕದು, ಹೂವು ಗಿಡದ ತುಂಬಾ. ನೋಡಿದವರೆಲ್ಲ ಹೊಗಳಿದರು. ಹಕ್ಕಿ ಮಾತ್ರ ಹತ್ತಿರ ಸುಳಿಯಲಿಲ್ಲ.

ಹೂವು ಉದುರಿದ ಮೇಲೆ ಹಣ್ಣಿಗೆ ಕಾದೆ. ಒಂದೂ ಕಟ್ಟಲಿಲ್ಲ. ನೀರು ಕಮ್ಮಿಯಾಯಿತೇನೋ ಅಂತ ಜಾಸ್ತಿ ಹಾಕಿದೆ, ಗೊಬ್ಬರ ಕೊಟ್ಟೆ. ಮತ್ತೆ ಹೂವು, ಮತ್ತೆ ಹಣ್ಣಿಲ್ಲ. ವಿಚಾರಿಸಿದಾಗ ಅದು ಅಂದಕ್ಕೆಂದೇ ಮಾಡಿದ ಗಿಡ್ಡ ತಳಿ ಅಂತ ಗೊತ್ತಾಯಿತು. ಅಂಥವು ಹಣ್ಣು ಕಟ್ಟೋದೇ ಅಪರೂಪ. ನರ್ಸರಿಯವರಿಗೆ ಹೇಳಿದರೆ, ‘ಹೂವು ಬಂತಲ್ಲ ಸಾರ್, ಇನ್ನೇನು ಬೇಕು?’ ಅಂದರು. ಅವರ ವ್ಯಾಪಾರವೇ ಹೂವಿನದು, ನನಗೆ ಬೇಕಿದ್ದದ್ದು ಹಣ್ಣು. ಆಮೇಲೆ ಬೇರೆ ಕಡೆಗಳಲ್ಲಿ ಕೇಳಿದರೂ ಅದೇ ಗಿಡ್ಡ ಗಿಡವನ್ನೇ ತೋರಿಸಿದರು. ಊರಿನ ಗುಡ್ಡದಲ್ಲಿ ಸುಮ್ನೆ ಬೆಳೆಯೋ ಗಿಡ ಇಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ, ನೋಡಿ.

ಕೊನೆಗೆ ಪುತ್ತೂರಿನ ಅಕ್ಕನ ಮನೆ ಗುಡ್ಡದಿಂದ ಮಳೆಗಾಲದಲ್ಲಿ ಸಣ್ಣ ಸಸಿ ತಂದು ನೆಟ್ಟೆ. ಖರ್ಚು ಬಸ್ ಚಾರ್ಜು ಮಾತ್ರ. ಇದರ ಎಸಳು ಚೂಪು, ಗಿಡ ಸಿಕ್ಕ ಸಿಕ್ಕ ಕಡೆ ಹರಡುತ್ತದೆ, ಶಿಸ್ತು ಕಮ್ಮಿ. ನಮ್ಮ ಬೋರ್‌ವೆಲ್ ನೀರಿಗೆ ಎಲೆ ಹಳದಿಯಾಯಿತು. ಇದಕ್ಕೆ ಹುಳಿ ಮಣ್ಣು ಬೇಕು, ಗಡಸು ನೀರು ಆಗಿಬರಲ್ಲ. ಈಗ ಮಳೆನೀರು ಹಿಡಿದಿಟ್ಟು ಹಾಕುತ್ತೇನೆ, ಬುಡಕ್ಕೆ ತರಗೆಲೆ ಮುಚ್ಚುತ್ತೇನೆ. ಒಂದೆರಡು ಮಳೆಗಾಲ ಕಾಯಬೇಕಾಯಿತು. ಈಗ ಹೂವಿಗೆ ಸೂರಕ್ಕಿ, ಹಣ್ಣಿಗೆ ಪಿಕಳಾರ. ಬುಡದ ತರಗೆಲೆ ಕೆದಕಿ ಹುಳು ಹೆಕ್ಕೋದಕ್ಕೆ ಮಡಿವಾಳವೂ ಇಳಿಯುತ್ತದೆ. ಒಣ ಎಲೆ ಗುಡಿಸದ ನನ್ನ ಸೋಮಾರಿತನ ಮೊದಲ ಸಲ ಉಪಯೋಗಕ್ಕೆ ಬಂತು.

ನರ್ಸರಿಯ ಗಿಡವನ್ನು ಎಸೆದಿಲ್ಲ, ದೇವರ ಪೂಜೆಗೆ ಹೂವು ಕೊಡುತ್ತದೆ. ಕರಾವಳಿ, ಮಲೆನಾಡಿನಲ್ಲಿ ನೆಂಟರಿದ್ದು, ಕಾಯೋ ತಾಳ್ಮೆ ಇದ್ದರೆ ಕೇಪಳವೇ ಸರಿ. ಇಲ್ಲದಿದ್ದರೆ ಕರಿಬೇವು ನೆಡಿ, ಯಾವ ನರ್ಸರಿಯಲ್ಲೂ ಸಿಗುತ್ತದೆ. ಆದರೆ ಸೊಪ್ಪಿಗೆಂದು ತುದಿಯನ್ನೆಲ್ಲ ಚಿವುಟಬೇಡಿ, ಒಂದೆರಡು ಕೊಂಬೆಯನ್ನಾದರೂ ಹೂವಿಗೆ ಬಿಡಿ.